ಗೇಣುದ್ದದ ಪೈಪು

ಬೆಳಗಿನ ಆರು ಗಂಟೆಯಿಂದ ನಾಗರಾಜನ್ ಗೇಣುದ್ದದ ಒಂದು ಕಬ್ಬಿಣದ ಪೈಪಿನ ಜೊತೆ ಜಗಳಕ್ಕೆ ಬಿದ್ದಿದ್ದ. ಇಲ್ಲಿಯವರೆಗೆ ಗೆದ್ದದ್ದು ಪೈಪೇ. ತಾರಮಂಗಲದ ನೇಕಾರರ ಬೀದಿಯಲ್ಲಿ ಯಾರ ಮಗ್ಗದ ಮೇಲೆ ಬುಟ್ಟಾ ಎತ್ತುವ ಜಕಾರ್ಡು ಕೆಟ್ಟರೂ ಮೊದಲು ಬಾಯಿಗೆ ಬರುವ ಹೆಸರು ಅವನದು. ಆ ಕೈಗೆ ಬಗ್ಗದ ಕಬ್ಬಿಣವಿಲ್ಲ ಅಂತ ಜನ ಆಡಿಕೊಳ್ಳುತ್ತಿದ್ದರು, ಅವನೂ ನಂಬಿದ್ದ. ಮೂರು ವಾರದಿಂದ ಆ ನಂಬಿಕೆಗೇ ಕುತ್ತು ಬಂದಿತ್ತು.

ಆಗಿದ್ದು ಇಷ್ಟು. ಸೇಲಂನ ರಿಟೈರಾದ ಮೇಷ್ಟ್ರೊಬ್ಬರಿಂದ ಹಳೇ ಟೆಲಿಸ್ಕೋಪು ತಂದಿದ್ದ. ಮೂರು ವಾರದ ಹಿಂದೆ ಅರ್ಧಚಂದ್ರ ಸರಿಯಾಗಿ ನೆತ್ತಿಯ ಮೇಲಿದ್ದ ಸಂಜೆ ಬೀದಿಯವರನ್ನೆಲ್ಲ ತಾರಸಿಗೆ ಹತ್ತಿಸಿದ. ಉದ್ದ ಕೊಳವೆಯನ್ನು ನೆಟ್ಟಗೆ ಮೇಲಕ್ಕೆ ತಿರುಗಿಸಿದರೆ ಅದರ ಬುಡ ಸ್ಟ್ಯಾಂಡಿನ ಕಾಲಿಗೆ ಟಣ್ಣೆಂದು ಬಡಿಯಿತು. ಆ ಕಡೆಯಿಂದ ತಿರುಗಿಸಿದ, ಈ ಕಡೆಯಿಂದ ತಿರುಗಿಸಿದ. ಟಣ್, ಟಣ್. ಕೊನೆಗೆ ಯಾರಿಗೂ ಚಂದ್ರ ಸಿಗಲಿಲ್ಲ. ನೇಕಾರರ ಸಂಘದ ಸೆಕ್ರೆಟರಿ ಗಣೇಶನ್ ಅವತ್ತೇ ಶುರು ಮಾಡಿದ. ಟೀ ಅಂಗಡಿಗೆ ಹೋದರೆ ಸಾಕು, "ಅಣ್ಣಾ, ಕಾಲು ಹೆಂಗೈತೆ?" ಅನ್ನುವುದು, ಉಳಿದವರು ಗ್ಲಾಸಿನೊಳಗೆ ನಗುವುದು.

ಅವರ ನಗುವಾದರೂ ನುಂಗಿಕೊಳ್ಳಬಹುದಿತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ಸೋದರತ್ತೆ ಸಪ್ಪಲಮ್ಮ, ಎಂಬತ್ತರ ಮುದುಕಿ, ಅವತ್ತು ಮಂಡಿ ಹಿಡಿದುಕೊಂಡು ಹದಿನೆಂಟು ಮೆಟ್ಟಿಲು ಹತ್ತಿ ಬಂದು, ಏನೂ ಕಾಣದೆ, ಏನೂ ಅನ್ನದೆ ಇಳಿದು ಹೋಗಿದ್ದಳು. ಅದು ಅವನನ್ನು ಚುಚ್ಚುತ್ತಿತ್ತು. ಸ್ಟ್ಯಾಂಡಿಗೂ ಕೊಳವೆಯನ್ನು ಹಿಡಿದು ತಿರುಗಿಸುವ ಮೌಂಟಿಗೂ ನಡುವೆ ಒಂದು ಪೈಪು ಕೂರಿಸಿದರೆ ಕೊಳವೆ ಗೇಣು ಮೇಲೇರಿ ಕಾಲಿಗೆ ತಾಗುವುದಿಲ್ಲ ಎಂದು ತಿಳಿದ ದಿನವೇ ಆರ್ಡರ್ ಹಾಕಿದ. ಗಣೇಶನ್‌ನ ಮುಖದ ಮೇಲೇ ಹೇಳಿದ: "ಬರೋ ಲೀವಿಗೆ ಎಲ್ರೂ ಬನ್ನಿ. ನೆತ್ತಿ ಮೇಲಿನ ಚಂದ್ರನ್ನೇ ತೋರಿಸ್ತೀನಿ." ನೇಕಾರರ ಬೀದಿಗೆ ಲೀವು ಅಂದರೆ ಅಮಾವಾಸ್ಯೆ. ಅವತ್ತು ಯಾರೂ ಲಾಳಿ ಮುಟ್ಟುವುದಿಲ್ಲ. ಮಗ್ಗ ಒರೆಸಿ, ಕುಂಕುಮವಿಟ್ಟು, ತಿಂಗಳಿಡೀ ಬಾಕಿ ಬಿದ್ದ ಕೆಲಸವನ್ನೆಲ್ಲ ಮುಗಿಸುವ ದಿನ ಅದು.

ಲೀವು ಬಂತು. ಪೈಪೂ ಬಂದಿತ್ತು, ಆದರೆ ಡಬ್ಬಿಯಲ್ಲಿ ಅದನ್ನು ಬಿಗಿಯುವ ಅಲೆನ್ ಕೀ ಇರಲಿಲ್ಲ. ನಾಗರಾಜನ್ ಡಬ್ಬಿಯನ್ನು ತಲೆಕೆಳಗು ಮಾಡಿ ಒದರಿದ, ಕಳಿಸಿದವನ ಏಳು ತಲೆಮಾರಿಗೂ ಮಂಗಳಾರತಿ ಎತ್ತಿದ. ಬಾಗಿಲಲ್ಲಿ ಕೂತಿದ್ದ ಸಪ್ಪಲಮ್ಮ, "ನಾಗರಾಜಾ, ಇವತ್ತು..." ಅಂದಳು.

"ಆಮೇಲೆ ಅತ್ತೆ."

ಆರುಮುಗಂ ಹಾರ್ಡ್‌ವೇರ್ ಅಂಗಡಿಗೆ ಓಡಿದ. ಅಂಗಡಿ ಮುಂದೆ ದೃಷ್ಟಿಗೆ ಒಡೆದ ಬೂದುಗುಂಬಳದ ಮೇಲೆ ಕಾಲಿಟ್ಟು ಜಾರಿ, ಬಿದ್ದೇ ಬಿಡುತ್ತಿದ್ದವನು ಬಾಗಿಲು ಹಿಡಿದು ನಿಂತ. ಅಮಾವಾಸ್ಯೆಗೊಮ್ಮೆ ಬೀದಿಯಲ್ಲಿ ನಡೆಯುವ ಹಾಗಿಲ್ಲ ಎಂದು ಬೈದುಕೊಂಡೇ ಕೀ ಕೊಂಡ.

ಕೀ ಸಿಕ್ಕಿತು, ಪೈಪು ಸ್ಟ್ಯಾಂಡಿನ ಮೇಲೆ ಕೂತಿತು. ಅದರ ಮೇಲೆ ಮೌಂಟನ್ನಿಟ್ಟು ನಡುವಿನ ದೊಡ್ಡ ಬೋಲ್ಟು ತಿರುಗಿಸಿದರೆ ಇನ್ನೊಂದು ಪೀಡೆ. ಬೋಲ್ಟು ಬೇಕಾದ್ದಕ್ಕಿಂತ ಬೆರಳಗಲ ಉದ್ದ. ಅದರ ತುದಿ ಪೈಪಿನೊಳಗಿನ ತಳಕ್ಕೆ ಮೊದಲೇ ತಾಗುತ್ತದೆ, ಮೇಲಿನ ಮೌಂಟು ಬಿಗಿಯಾಗದೆ ಲೊಡಲೊಡ ಅಲ್ಲಾಡುತ್ತದೆ. ಬೋಲ್ಟನ್ನು ಲೇತಿನಲ್ಲಿ ಕೊಯ್ಯಿಸಬೇಕು. ಮತ್ತೆ ಆರುಮುಗಂ ಹತ್ತಿರ ಓಡಿದ.

"ಅಣ್ಣೇ, ಇನ್ನಿಕ್ಕು ಅಮಾವಾಸೈ. ಲೇತ್ ಲೀವ್," ಅಂದ ಆರುಮುಗಂ ತಮಿಳಿನಲ್ಲಿ.

"ಗೊತ್ತೈತಯ್ಯಾ ಅಮಾಸೆ ಅಂತ. ಎಲ್ಲರೂ ಅದನ್ನೇ ಹೇಳ್ತೀರಲ್ಲ," ಅಂದು ನಾಗರಾಜನ್ ವಾಪಸು ಬಂದ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು, ಕೋಪವೂ ಅಲ್ಲಿಗೇ ಏರಿತ್ತು. ಮನೆಯಲ್ಲಿ ಹೆಂಡತಿ ಈಶ್ವರಿ, "ಕುಣೀಲಾರ್ದವಳು ನೆಲ ಡೊಂಕು ಅಂದಂಗೆ, ಬೆಳಿಗ್ಗೆಯಿಂದ ಡಬ್ಬಿ ಕಳಿಸಿದವನ್ನ ಬೈತಿದೀರಿ. ಊಟಕ್ಕಾದ್ರೂ ಬರ್ತೀರಾ?" ಅಂದಳು. ಅವನು ಮಗ್ಗದ ಕಡೆ ನೋಡಿದ. ಜಕಾರ್ಡಿನ ಚೌಕಟ್ಟಿನಲ್ಲಿ ದಪ್ಪ ವಾಷರುಗಳಿದ್ದವು. ಅವನ್ನು ಬೋಲ್ಟಿನ ತಲೆಯ ಕೆಳಗೆ ಪೇರಿಸಿದರೆ ಆ ಬೆರಳಗಲ ತುಂಬಿಹೋಗುತ್ತದೆ.

"ಕುಂಕುಮ ಇಟ್ಟ ಮಗ್ಗ ಬಿಚ್ತೀರಾ? ನಾಳೆ ಸೀರೆ ಇಳಿಸ್ಬೇಕು," ಅಂದಳು ಈಶ್ವರಿ.

"ನಾಳೆ ಹೊತ್ತಾರೆ ಹಾಕ್ಕೊಡ್ತೀನಿ."

"ನಾಗರಾಜಾ," ಅಂದಳು ಸಪ್ಪಲಮ್ಮ ಮತ್ತೆ. "ಬೀದಿಯವರೆಲ್ಲ ಬರೋಕ್ ಮುಂಚೆ ಒಂದ್ ಮಾತು. ಈ ಚಂದ್ರ..."

"ಅತ್ತೆ, ಒಂದ್ ನಿಮಿಷ ಬಾಯ್ ಮುಚ್ಕೊಂಡಿರು."

ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು. ಸಾಕಿದವಳಿಗೆ ಇಷ್ಟು ವರ್ಷದಲ್ಲಿ ಅಂಥ ಮಾತು ಆಡಿರಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸ್ಪ್ಯಾನರು ಜಾರಿ ಬೆರಳು ಜಜ್ಜಿತು. ಕ್ಷಮೆ ಅಲ್ಲೇ ಉಳಿಯಿತು. ಸಪ್ಪಲಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕು ವಾಷರು ಹಿಡಿದವು. ಸಂಜೆ ಆರಕ್ಕೆ ಬೋಲ್ಟು ಕೊನೆಗೂ ಕಚ್ಚಿಕೊಂಡಿತು. ಮೌಂಟನ್ನು ಹಿಡಿದು ಜಗ್ಗಿದ. ಮಿಸುಕಲಿಲ್ಲ. ನಾಗರಾಜನ್‌ಗೆ ಅಳು ಬರುವಷ್ಟು ಖುಷಿಯಾಯಿತು. ಎಲ್ಲ ಹೊತ್ತುಕೊಂಡು ಹತ್ತಿದರೆ ತಾರಸಿಯ ಮೇಲೆ ಆಗಲೇ ಹದಿನೈದು ಜನ ಸೇರಿದ್ದರು, ಗಣೇಶನ್ ತಿನ್ನಲು ಚಕ್ಕುಲಿಯಂಥ ಮುರುಕು ಕಟ್ಟಿಸಿಕೊಂಡೇ ಬಂದಿದ್ದ. ಸಪ್ಪಲಮ್ಮನೂ ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

ಕತ್ತಲಾಯಿತು. "ಸರಿಯಣ್ಣಾ, ತಿರುಗಿಸು. ಚಂದ್ರ ಎಲ್ಲಿ?" ಅಂದ ಗಣೇಶನ್.

ನಾಗರಾಜನ್ ನೆತ್ತಿ ನೋಡಿದ. ಮೂಡಲು ನೋಡಿದ, ಪಡುವಲು ನೋಡಿದ. ಹದಿನೈದು ಜನವೂ ಅವನ ಜೊತೆ ಕತ್ತು ತಿರುಗಿಸಿದರು. ಎಲ್ಲೂ ಚಂದ್ರನಿಲ್ಲ. ಆಮೇಲೆ ಗಣೇಶನ್ ಮೆಲ್ಲಗೆ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡ.

"ಅಮಾಸೆ ದಿನ ಚಂದ್ರನ್ನ ನೋಡಕ್ಕೆ ಕರ್ದವ್ನೆ ಕಣ್ರಲಾ. ನಾವೂ ಮುರುಕು ತಗೊಂಡು ಬಂದಿದೀವಿ."

ನಗು ಹದಿನೆಂಟು ಮೆಟ್ಟಿಲಿಳಿದು ಬೀದಿಯ ಕೊನೆಯವರೆಗೂ ಹೋಯಿತು. ಈಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ಕೆಳಗೆ ಹೋದಳು. ನಾಗರಾಜನ್‌ಗೆ ಮಗ್ಗದ ಗುಣಿಗೆ ಇಳಿದು ಮೇಲೆ ಮಣ್ಣು ಎಳೆದುಕೊಳ್ಳೋಣ ಅನ್ನಿಸಿತು. ಇನ್ನು ಟೀ ಅಂಗಡಿಯ ಕಡೆ ತಲೆ ಹಾಕುವ ಹಾಗಿಲ್ಲ. ಪೈಪಿನ ಮೇಲೆ, ಲೀವಿನ ಮೇಲೆ, ಎಲ್ಲಕ್ಕಿಂತ ತನ್ನ ಮೇಲೇ ಮೈಯೆಲ್ಲ ಉರಿಯಿತು.

ಎಲ್ಲರೂ ಇಳಿದು ಹೋದ ಮೇಲೆ, ಬೇಗ ಏಳಲಾಗದ ಸಪ್ಪಲಮ್ಮ ಒಬ್ಬಳೇ ಕುರ್ಚಿಯಲ್ಲಿ ಉಳಿದಿದ್ದಳು.

"ನಿಂಗೆ ಗೊತ್ತಿತ್ತಾ ಅತ್ತೆ?"

"ಬೆಳಿಗ್ಗಿಂದ ಅದನ್ನೇ ಹೇಳಕ್ಕೆ ಬಂದೆ. ನೀನು ಬಾಯ್ ಬಿಡಕ್ಕೇ ಬಿಡ್ಲಿಲ್ಲ."

"ಮತ್ತೆ ಯಾಕೆ ಹತ್ತಿ ಬಂದೆ?"

"ಅಷ್ಟು ಕಷ್ಟ ಬಿದ್ದಿದೀಯ. ಪೈಪಾದ್ರೂ ನೋಡಾಣ ಅಂತ."

ಸಪ್ಪಲಮ್ಮ ಕತ್ತೆತ್ತಿ, "ಅದೇನಲಾ, ನೆತ್ತಿ ಮೇಲೆ ಅಷ್ಟು ದಪ್ಪಕ್ಕೆ ಉರೀತಾ ಐತೆ?" ಅಂದಳು.

"ಗುರು ಗ್ರಹ ಅತ್ತೆ."

"ಅದನ್ನೇ ತೋರ್ಸು."

ಕೊಳವೆಯನ್ನು ನೆಟ್ಟಗೆ ಮೇಲಕ್ಕೆ ತಿರುಗಿಸುತ್ತ ನಾಗರಾಜನ್ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಟಣ್ ಅನ್ನುವುದಕ್ಕೆ ಕಾದ. ಅನ್ನಲಿಲ್ಲ. ಕೊಳವೆಯ ಬುಡ ಸ್ಟ್ಯಾಂಡಿನ ಕಾಲಿನಿಂದ ನಾಲ್ಕು ಬೆರಳು ದೂರ ಹಾದುಹೋಯಿತು. ಪಕ್ಕದ ಸಣ್ಣ ದುರ್ಬೀನಿನಲ್ಲಿ ಗುರಿ ಹಿಡಿದು ಅತ್ತೆಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದ. ಪೈಪಿನ ದಯೆಯಿಂದ ಕಣ್ಣಿಡುವ ಜಾಗವೂ ಗೇಣು ಮೇಲೆ ಬಂದಿತ್ತು, ಮುದುಕಿ ಬಗ್ಗಬೇಕಾಗಲಿಲ್ಲ. ಅವಳ ಬೆರಳನ್ನು ಫೋಕಸ್ ಗುಂಡಿಯ ಮೇಲಿಟ್ಟು, "ಚೆನ್ನಾಗಿ ಕಾಣೋವರ್ಗೂ ಮೆಲ್ಲಗೆ ತಿರುಗಿಸು," ಅಂದ.

ಸಪ್ಪಲಮ್ಮ ತಿರುಗಿಸಿದಳು.

"ಒಂದು ದೊಡ್ಡದೈತೆ. ಪಕ್ಕದಾಗೆ ಸಾಲಾಗಿ ಸಣ್ಣವು. ಒಂದು, ಎರಡು, ಮೂರು... ನಾಕು."

"ಅವು ಅದರ ಚಂದ್ರಗಳು ಅತ್ತೆ."

"ನಾಕೂನಾ?"

"ನಾಕೂ." ಅವನು ಅತ್ತೆಯ ಪಕ್ಕಕ್ಕೆ ಬಗ್ಗಿದ. "ಸ್ವಲ್ಪ ಸರ್ಕೋ ಅತ್ತೆ, ನಾನೂ ನೋಡ್ತೀನಿ. ಗಣೇಶನ್ ಇನ್ನೂ ಬೀದಿ ದಾಟಿರಲ್ಲ, ಕೂಗಿ..."

"ಒಂದ್ ನಿಮಿಷ ಬಾಯ್ ಮುಚ್ಕೊಂಡಿರು," ಅಂದಳು ಸಪ್ಪಲಮ್ಮ, ಕಣ್ಣು ತೆಗೆಯದೆ.

ನಾಗರಾಜನ್ ಬಾಯಿ ಮುಚ್ಚಿಕೊಂಡು, ಕುರ್ಚಿಯ ಬೆನ್ನು ಹಿಡಿದು ನಿಂತ.