ಜೊತೆಗೆ ಬಂದವನ ಕೈಗೆ ಗುಳಿಗೆ

ಚಂದಮ್ಮನ ಗಂಡ ಗೋವರ್ಧನನನ್ನು ನಾನು ಬಾಯ್ತುಂಬ ಹೊಗಳಿದ್ದೆ. ಕೊಹಿನೂರು ಹಳ್ಳಿಯಿಂದ ಬಸವಕಲ್ಯಾಣದ ನಮ್ಮ ದವಾಖಾನೆಗೆ ಹೆಂಡತಿಯನ್ನು ತಾನೇ ಕರೆತಂದಿದ್ದ. "ರಾತ್ರಿ ಕಣ್ಣ ಮುಚ್ಚವಲ್ಲಳ್ರಿ ಮೇಡಂ," ಅಂದ. ಅವಳು ತಲೆ ಎತ್ತಲಿಲ್ಲ. ಡಾಕ್ಟರು ನಿದ್ದೆ ಗುಳಿಗೆ ಬರೆದರು. ರೋಗಿ ಮರೆಯುತ್ತಾರೆಂದು ಜೊತೆಗೆ ಬಂದವರ ಕೈಗೇ ಗುಳಿಗೆ ಕೊಟ್ಟು ತಿಳಿಸುವುದು ನಮ್ಮ ರೂಢಿ. ಸಮಾಲೋಚಕಿಯಾದ ನಾನೇ ಅವನಿಗೆ ಹೇಳಿದೆ: "ಊಟ ಆದಮ್ಯಾಲ ಎದುರು ನಿಂತು ನುಂಗಸ್ರಿ."

ಅವನನ್ನು ಹೊರಗೆ ಕಳಿಸಿ, ನಿದ್ದೆ ಯಾಕೆ ಬರುತ್ತಿಲ್ಲವೆಂದು ಅವಳನ್ನು ಕೇಳಬೇಕಿತ್ತು. ಕೇಳಲಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು ಎಂಬ ನೆಪ ಈಗ ನನಗೇ ಹೇಸಿಗೆ ತರುತ್ತದೆ.

ಮರುತಿಂಗಳು, "ಈಗ ಆರಾಮ ಮಲಕೋತಾಳ್ರಿ," ಅಂದ. ನಾನು ಕಡತದಲ್ಲಿ 'ಸುಧಾರಣೆ ಇದೆ' ಎಂದು ಬರೆದೆ.

ಮೂರನೆಯ ಸಲ ಅವಳು ಗೋಡೆ ಹಿಡಿದು, ಪಾದದ ಅಂಚಿನ ಮೇಲೆ ನಡೆದು ಬಂದಳು. ಚೀಟಿ ಮಾಡಿಸಲು ಅವನನ್ನು ಕಳಿಸಿ ಚಪ್ಪಲಿ ಬಿಡಿಸಿದೆ. ಎರಡೂ ಅಂಗಾಲು ಸುಟ್ಟು ಕೀವಾಗಿದ್ದವು.

"ಮೊದಲ ಎಚ್ಚರ ಇರ್ತಿದ್ದೆರಿ. ಆಂವ ಎದ್ದ ಸಪ್ಪಳಾದ್ರ ಹಿತ್ತಲದಿಂದ ಬಾಜೂಕಿನ ಗೌಹರಬೀ ಮನಿಗಿ ಓಡ್ತಿದ್ದೆ. ಈಗ ಗುಳಿಗಿ ನುಂಗಿಸಿ ಬಾಯಿ ತೆರಿಸಿ ನೋಡ್ತಾನ. ಹೊಡ್ಯಾಕತ್ತಿದ್ರೂ ಏಳಾಕ ಆಗಲ್ರಿ. ಒಂದಿನ ಉಗುಳಿ ಓಡಿದೆ. ಹಿಡಕೊಂಡು ಬಂದು ಕಾದ ಕುಡಗೋಲು ಇಟ್ಟ."

ಬಾಗಿಲಲ್ಲಿ ಗೋವರ್ಧನ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನುಗ್ಗಿದವನೇ ಅವಳ ಜಡೆ ಹಿಡಿದು ಹಣೆಯನ್ನು ನನ್ನ ಮೇಜಿಗೆ ಎರಡು ಸಲ ಅಪ್ಪಳಿಸಿದ. ಕಡತದ ಮೇಲೆ ರಕ್ತ ಹರಿಯಿತು. ಅಡ್ಡ ಹೋದ ನನ್ನ ಹೊಟ್ಟೆಗೆ ಒದ್ದ. ಕಬ್ಬಿಣದ ಸ್ಟೂಲು ಎತ್ತಿ ಅವನ ಮೊಣಕೈಗೆ ಹೊಡೆದೆ; ಜಡೆ ಬಿಡುವವರೆಗೂ ಹೊಡೆದೆ. ವಾರ್ಡ್‌ಬಾಯ್ ಸರ್ಫರಾಜ್ ಓಡಿಬಂದು ಅವನನ್ನು ನೆಲಕ್ಕೆ ಕೆಡವಿದ. ಪೊಲೀಸರು ಎಳೆದೊಯ್ದರು.

ಹಣೆಗೆ ಆರು ಹೊಲಿಗೆ ಬಿದ್ದವು. ಹುಮನಾಬಾದಿನಿಂದ ಅವಳ ತಾಯಿ ಯಶೋದಾಬಾಯಿ ಬಸ್ಸು ಹತ್ತಿದ್ದರು. ಮಧ್ಯಾಹ್ನ ಉಳಿದವರೆಲ್ಲ ಮಲಗಿದ್ದ ಆ ವಾರ್ಡಿನಲ್ಲಿ ಚಂದಮ್ಮ ಮಾತ್ರ ಮಂಚದ ಮೇಲೆ ಬಾಗಿಲನ್ನೇ ನೋಡುತ್ತ ಕೂತಿದ್ದಳು. ನಾನು ಕುರ್ಚಿಯನ್ನು ಬಾಗಿಲಿಗೆ ಅಡ್ಡ ಹಾಕಿದೆ.

"ಮಲಕೋವ್ವಾ. ನಾ ಎಚ್ಚರ ಇರ್ತೀನಿ."

"ಗುಳಿಗಿ ಆಂವನ ಕೈಯಾಗ ಕೊಟ್ಟಾಗ ಎಚ್ಚರ ಇರಲಿಲ್ರಿ ನೀವು," ಎಂದವಳು ಕೂತೇ ಇದ್ದಳು.