ಚಿಲಕ ತೆಗೆದ ಕೈ

ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ ವನಮಾಲಾ ನನ್ನ ತಲೆಯ ಬ್ಯಾಂಡೇಜು ಕಂಡು ಅಳತೊಡಗಿದಳು. ಇನ್ನೂ ಇಪ್ಪತ್ತು ತುಂಬದ ಹುಡುಗಿ. ನನಗೆ ಮೈಯೆಲ್ಲ ಉರಿಯಿತು. ಏಟು ತಿಂದವಳು ನಾನು, ಅಳುವವಳು ಇವಳು!

ಅದು ಎಂಬತ್ತೊಂದನೇ ಇಸವಿ. ಹಿಂದಿನ ಶುಕ್ರವಾರ ಇವಳು ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಕರೆಯಲು ಬಂದಿದ್ದಳು. ಪಕ್ಕದ ಬೀದಿಗೆ ಹೊಸದಾಗಿ ಬಂದವಳಂತೆ. ಬಾಗಿಲಿಗೆ ಚಿಲಕ ಹಾಕಿ, ಅವಳನ್ನು ಕೂರಿಸಿ, ಮಲ್ಲಿಗೆ ಮುಡಿಸಿ, ಕೈಗೆ ಅರಿಶಿನ ಹಚ್ಚಿದೆ. ಅವಳ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿತ್ತು. ಹೊಸ ಮದುವೆಯ ಸಂಕೋಚ ಅಂದುಕೊಂಡೆ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ರವಿಕೆ ಕಣ ತರಲು ಒಳಗೆ ಹೋದೆ. ತಿರುಗಿ ಬಂದಾಗ ಬಾಗಿಲು ತೆರೆದಿತ್ತು. ಅವಳ ಗಂಡನೆಂದು ಆಮೇಲೆ ತಿಳಿದ ಒಬ್ಬ ಕಬ್ಬಿಣದ ಸಲಾಕೆ ಹಿಡಿದು ನಡುಮನೆಯಲ್ಲಿ ನಿಂತಿದ್ದ. ಒಂದೇ ಏಟಿಗೆ ಬಿದ್ದೆ. ಎಚ್ಚರವಾದಾಗ ಕೊರಳಲ್ಲಿ ಸರವಿರಲಿಲ್ಲ.

"ಶೈಲಜಮ್ಮನೋರೇ, ಇವಳೇನಾ?" ಇನ್ಸ್‌ಪೆಕ್ಟರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕಾಲು ಹಿಡಿದಳು. "ಅಜ್ಜಿ, ಹೊಡೆದಿದ್ದು ನಾನೇ ಅಂತ ಹೇಳ್ಬಿಡಿ. ಅವರನ್ನ ಬಿಟ್ಬಿಡ್ಲಿ. ಅವರು ನನ್ನ ತುಂಬಾ ಚೆನ್ನಾಗಿ ನೋಡ್ಕೋತಾರೆ."

"ಮುಚ್ಚೇ ಬಾಯಿ! ಚೆನ್ನಾಗಿ ನೋಡ್ಕೊಳ್ಳೋನು ಹೆಂಡ್ತೀನ ಇಂಥ ಕೆಲಸಕ್ಕೆ ಕಳಿಸ್ತಾನೇನೇ?"

ಗದರುತ್ತಲೇ ಅವಳನ್ನು ಎಬ್ಬಿಸಿ, ಸೆರಗಿನಿಂದ ಕಣ್ಣು ಒರೆಸಿದೆ. ಅವಳ ಕೈ ಹಿಡಿದುಕೊಂಡೆ. ನಾನು ಹಚ್ಚಿದ ಅರಿಶಿನ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು.

"ಈ ಕೈ ನನಗೆ ಹೊಡೆದಿಲ್ಲ ಸಾರ್," ಅಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕೈ ಬಿಡಲಿಲ್ಲ.

"ಚಿಲಕ ತೆಗೆದಿದ್ದು ಮಾತ್ರ ಇದೇ ಕೈ. ಅದನ್ನೂ ಬರ್ಕೊಳ್ಳಿ."