ನಮಸ್ಕಾರ ಕಲಿತ ಗೊಂಬೆ

ನಾನು ಒಂದು ಗೊಂಬೆ ಮನುಷ್ಯ. ಮಣ್ಣಿನವನಲ್ಲ, ಮರದವನೂ ಅಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಹುಟ್ಟಿದವನು. ಕಾರ್ಖಾನೆಗೆ ರೋಬೋಟ್ ತರುವ ಮೊದಲು ಅದನ್ನು ಪರದೆಯ ಮೇಲೆ ಕುಣಿಸಿ ನೋಡುತ್ತಾರಲ್ಲ, ಆಗ ಅದರ ಪಕ್ಕದಲ್ಲಿ ಕೆಲಸಗಾರನ ವೇಷ ಹಾಕಿ ನಿಲ್ಲುವುದೇ ನನ್ನ ಉದ್ಯೋಗ. ರೋಬೋಟಿನ ಕೈ ನನಗೆ ತಗುಲಿದರೆ ಕೆಂಪು, ತಗುಲದಿದ್ದರೆ ಹಸಿರು. ಸಂಬಳವಿಲ್ಲ, ಊಟವಿಲ್ಲ, ಸತ್ತರೂ ಮರುಕ್ಷಣ ಎದ್ದು ನಿಲ್ಲಬೇಕು. ಇಂಥ ಆಳು ಯಾರಿಗೆ ಬೇಡ ಹೇಳಿ.

ಮೊದಲು ಬಣ್ಣದ ಕಾರ್ಖಾನೆಯವರ ಕೈಯಲ್ಲಿದ್ದೆ, ಆಮೇಲೆ ಬಿಸ್ಕತ್ತಿನವರ ಹತ್ತಿರ. ಕೊನೆಗೆ ಹುಬ್ಬಳ್ಳಿಯ ಒಂದು ಕಾರ್ಖಾನೆಗೆ ಬಂದು ಅಕ್ಷತಾ ಎಂಬ ಇಂಜಿನಿಯರಮ್ಮನ ಪಾಲಾದೆ. ಒಳ್ಳೆಯ ಹುಡುಗಿ. ನನಗೆ ನೀಲಿ ಅಂಗಿ ತೊಡಿಸಿ, ಸೊಂಟಮಟ್ಟದ ಬೇಲಿಯ ಹೊರಗೆ ಕೈ ಇಳಿಬಿಟ್ಟು ನಿಲ್ಲಿಸಿದಳು. ಒಳಗೆ ರೋಬೋಟ್ ಕಬ್ಬಿಣದ ತುಂಡುಗಳನ್ನು ಓಡುವ ಬೆಲ್ಟಿನಿಂದ ಎತ್ತಿ ಎತ್ತಿ ಇಡುತ್ತಿತ್ತು. ತಳ್ಳುಗಾಡಿಗೆ ದಾರಿ ಸಾಲದೆಂದು ಮ್ಯಾನೇಜರ್ ಜಿಗಳೂರರು ಬೇಲಿಯನ್ನು ಒಳಕ್ಕೆ ಸರಿಸಲು ಹೇಳಿದರು. ಸರಿಸಿದಳು. ಆಗಲೂ ಪರದೆಯೆಲ್ಲ ಹಸಿರೇ.

ಒಂದು ದಿನ, ಮುಂದೆ ನನ್ನ ಜಾಗದಲ್ಲಿ ನಿಜವಾಗಿ ನಿಲ್ಲಬೇಕಾದ ಅಡಿವೆಪ್ಪ ನನ್ನನ್ನು ನೋಡಲು ಬಂದ. ಐವತ್ತು ದಾಟಿದ, ಅಗಲ ಅಂಗೈಯ ಮನುಷ್ಯ. ಬಂದವನೇ ಪರದೆಯ ಮೇಲಿನ ರೋಬೋಟನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ. ಅಕ್ಷತಾ ನಕ್ಕುಬಿಟ್ಟಳು.

“ಚಿತ್ರ ರೀ ಕಾಕಾ ಇದು, ಮಷೀನಲ್ಲ.”

“ಇರ್ಲಿ ತಗೀರಿ ಮೇಡಮ್ಮಾರ, ಅನ್ನ ಕೊಡೂದು. ಮುಂಜಾನಿ ಮುಟ್ಟಿ ನಮಸ್ಕಾರ ಮಾಡ್ಲಾರ್ದ ಯಾವ ಮಷೀನೂ ಚಾಲೂ ಮಾಡಿಲ್ಲ ನಾ.”

ಅವನು ಹೋದ ಮೇಲೆ ಅವಳ ನಗು ಅಡಗಿತು. ನನ್ನನ್ನು ಬೇಲಿಯ ಮೇಲೆ ಬಗ್ಗಿಸಿ ಬಲಗೈ ಚಾಚಿಸಿದಳು. ನನ್ನ ಜನ್ಮದಲ್ಲಿ ನಾನು ಯಾರಿಗೂ ನಮಸ್ಕಾರ ಮಾಡಿದವನಲ್ಲ. ಬೆರಳು ರೋಬೋಟನ್ನು ಮುಟ್ಟಿತು. ಚಾಲೂ ಇದ್ದರೂ ತುಂಡಿಗಾಗಿ ಕಾಯುತ್ತ, ಆರಿಸಿಟ್ಟಂತೆ ಸುಮ್ಮನೆ ನಿಂತಿದ್ದ ಅದು, ಬೆಲ್ಟಿನ ಮೇಲೆ ತುಂಡೊಂದು ಬಂದದ್ದೇ ತಡ, ಗಕ್ಕನೆ ತಿರುಗಿತು. ನನ್ನ ಅಂಗೈ ಪೂರಾ ಕೆಂಪಾಯಿತು. ಮತ್ತೆ ಮತ್ತೆ ಮಾಡಿ ನೋಡಿದಳು, ಮತ್ತೆ ಮತ್ತೆ ಕೆಂಪು. ನನಗೇನೋ ನೋವಾಗುವುದಿಲ್ಲ. ಆದರೆ ಆ ಮನುಷ್ಯನ ಅಗಲ ಅಂಗೈ ನೆನಪಾಗಿ ಹೆದರಿಕೆಯಾಯಿತು.

ಮ್ಯಾನೇಜರ್ ಬಂದು ನೋಡಿದರು. “ನೋಡವಾ, ಬೇಲಿ ಇನ್ನ ಹೊರಗ ಸರಸಾಕ ಆಗಂಗಿಲ್ಲ. ಮುಟ್ಟಬ್ಯಾಡ ಅಂತ ಅವಗ ಹೇಳು, ಮುಗೀತು,” ಅಂದರು.

ಅವಳು ಅಡಿವೆಪ್ಪನನ್ನು ಕರೆಸಿ, ನನ್ನ ಕೆಂಪು ಕೈ ತೋರಿಸಿ, ಬಿಡಿಸಿ ಹೇಳಿದಳು. ಅವನು ಗಂಭೀರವಾಗಿ ಕೇಳಿಸಿಕೊಂಡ. “ಆತ್ರೀ ಮೇಡಮ್ಮಾರ, ಇನ್ನ ಮುಟ್ಟಂಗಿಲ್ಲ,” ಅಂದ. ಅಂದು, ಎದ್ದು ಹೋಗುವಾಗ ಪರದೆಯನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡೇ ಹೋದ. ಮುಟ್ಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಅವಳು ನೋಡಿದಳು. ಕೂಗಿ ಕರೆಯಬಹುದಿತ್ತು, ಕರೆಯಲಿಲ್ಲ. ನನ್ನ ಕೈಯನ್ನು ಮೊದಲಿನಂತೆ ಇಳಿಬಿಟ್ಟು, ಹಸಿರು ಪರದೆಯನ್ನೇ ಮೇಲಿನವರಿಗೆ ಕಳಿಸಿಬಿಟ್ಟಳು. ನನ್ನನ್ನು ಮಾಡಿದವರು ಒಂದು ಬಾಯಿ ಕೊಡಲಿಲ್ಲವಲ್ಲ ಎಂದು ಆವತ್ತು ಸಿಟ್ಟು ಬಂದಷ್ಟು ಎಂದೂ ಬಂದಿಲ್ಲ.

ಆಮೇಲೆ ಬಹಳ ಕಾಲ ನನ್ನನ್ನು ಯಾರೂ ತೆರೆಯಲಿಲ್ಲ. ತೆರೆದ ದಿನ ಅಕ್ಷತಾಳ ಮುಖ ಬತ್ತಿಹೋಗಿತ್ತು. ಹಿಂದೆ ಮ್ಯಾನೇಜರ್ ನಿಂತಿದ್ದರು.

“ಕುಂತು ಮಾಡೂ ಕೆಲಸ ಏನರ ಹುಡುಕವಾ ಅಡಿವೆಪ್ಪಗ. ಒಂದ ಕೈಲೆ ಆಗೂವಂಥಾದ್ದು.”

ಅವಳು ನನ್ನ ಬಲ ಅಂಗೈಯನ್ನು ಅಳಿಸಿದಳು. ಪ್ಯಾಕಿಂಗ್ ಮೇಜಿನ ಮುಂದೆ ಕೂರಿಸಿ, ಎಡಗೈಯಿಂದ ಡಬ್ಬಿ ಮುಚ್ಚಿಸಿ ನೋಡಿದಳು. ಸಾಕು ಅಂದು ಮ್ಯಾನೇಜರ್ ಹೋದರು.

ಅವರು ಹೋದ ಮೇಲೆ ನನ್ನನ್ನು ಮತ್ತೆ ಆ ಬೇಲಿಯ ಹತ್ತಿರ ಒಯ್ದಳು. ಬಗ್ಗಿಸಿದಳು. ಅಂಗೈಯಿಲ್ಲದ ಕೈಯನ್ನು ಚಾಚಿಸಿದಳು. ಬೆಲ್ಟಿನ ಮೇಲೆ ತುಂಡು ಬಂತು, ರೋಬೋಟ್ ಗಕ್ಕನೆ ತಿರುಗಿತು. ಈ ಸಲ ಏನೂ ತಗುಲಲಿಲ್ಲ. ಪರದೆಯೆಲ್ಲ ಹಸಿರು.

ನನ್ನನ್ನು ನೆಟ್ಟಗೆ ಮಾಡದೆಯೇ ಮುಚ್ಚಿ ಎದ್ದುಹೋದಳು. ಅಂದಿನಿಂದ ಹಳೆಯ ಕಡತಗಳ ನಡುವೆ, ಈ ಕತ್ತಲಲ್ಲಿ, ಬಗ್ಗಿಯೇ ನಿಂತಿದ್ದೇನೆ.